ವಿಎಸ್ ಕೋಡ್ ಎಕ್ಸ್‌ಟೆನ್ಷನ್‌ನ ಒಳರಚನೆ: ಒಳಗೆ ಏನೇನಿರುತ್ತದೆ, ಅದನ್ನು ಬರೆದಿಡುವುದು ಹೇಗೆ?

ಕಚೇರಿಯ ಒಳಬಳಕೆಗೆಂದು ಯಾರೋ ಒಬ್ಬರು ವಿಎಸ್ ಕೋಡ್‌ಗೆ ಚಿಕ್ಕದೊಂದು ಎಕ್ಸ್‌ಟೆನ್ಷನ್ ಬರೆದಿರುತ್ತಾರೆ. ಎರಡು ವರ್ಷ ಇಡೀ ತಂಡ ಅದನ್ನೇ ನೆಚ್ಚಿಕೊಂಡಿರುತ್ತದೆ. ಬರೆದವರು ನೋಟಿಸ್ ಪೀರಿಯಡ್ ಮುಗಿಸಿ ಬೇರೆ ಕಂಪನಿಗೆ ಹೋಗುತ್ತಾರೆ. ಹೋಗುವ ಮುನ್ನ ಒಂದು ಗಂಟೆಯ ಕೆಟಿ ಆಗಿರುತ್ತದೆ, ಅದರ ರೆಕಾರ್ಡಿಂಗ್ ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮುಂದೊಂದು ದಿನ ಎಡಿಟರ್ ಅಪ್‌ಡೇಟ್ ಆದ ಮೇಲೆ ಎಕ್ಸ್‌ಟೆನ್ಷನ್ ಸುಮ್ಮನಾಗುತ್ತದೆ. ಆಗ ಅದನ್ನು ಸರಿಪಡಿಸುವ ಹೊಣೆ ಬೀಳುವುದು ತಂಡಕ್ಕೆ ಹೊಸದಾಗಿ ಸೇರಿದವರ ಮೇಲೆ.

ಪುಣೆ, ಹೈದರಾಬಾದ್, ಚೆನ್ನೈಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸ ಮಾಡುವ ಓದುಗರಿಗೆ ಇದು ಹೊಸ ಕಥೆಯೇನಲ್ಲ. ಇಂಥ ಸಂದರ್ಭದಲ್ಲಿ ಕೋಡ್ ಓದಬಲ್ಲವರಿಗೂ ಮೊದಲು ಬೇಕಾಗುವುದು ಯಾವ ಭಾಗ ಎಲ್ಲಿದೆ, ಯಾವುದು ಯಾವುದರ ಜೊತೆ ಮಾತಾಡುತ್ತದೆ ಎಂಬ ನಕ್ಷೆ. ಆ ನಕ್ಷೆಯನ್ನು ಹೇಗೆ ಬರೆಯಬೇಕು ಎಂಬುದು ಈ ಲೇಖನದ ವಿಷಯ. ಅದಕ್ಕೂ ಮುನ್ನ ವಿಎಸ್ ಕೋಡ್ ತನ್ನ ಎಕ್ಸ್‌ಟೆನ್ಷನ್‌ಗಳನ್ನು ಹೇಗೆ ನಡೆಸುತ್ತದೆ ಎಂದು ತಿಳಿಯಬೇಕು. ಅದು ಗೊತ್ತಿಲ್ಲದೆ ಬರೆದ ದಾಖಲೆ ಬರೀ ಫೋಲ್ಡರ್‌ಗಳ ಪಟ್ಟಿಯಾಗುತ್ತದೆ.

ಹಿನ್ನೆಲೆ

ಮೈಕ್ರೋಸಾಫ್ಟ್ ಸಂಸ್ಥೆ ವಿಎಸ್ ಕೋಡ್ ಅನ್ನು 2015ರ ಏಪ್ರಿಲ್‌ನಲ್ಲಿ ತನ್ನ ಬಿಲ್ಡ್ ಸಮಾವೇಶದಲ್ಲಿ ಪ್ರಕಟಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಮೂಲಕೋಡ್ ಅನ್ನು ಮುಕ್ತಗೊಳಿಸಿತು. ಎಕ್ಸ್‌ಟೆನ್ಷನ್‌ಗಳಿಗೆ ಬಾಗಿಲು ತೆರೆದದ್ದೂ ಆಗಲೇ. 1.0 ಆವೃತ್ತಿ 2016ರ ಏಪ್ರಿಲ್‌ನಲ್ಲಿ ಬಂತು. ತಂಡವನ್ನು ಮುನ್ನಡೆಸಿದ್ದು ಎರಿಕ್ ಗಾಮಾ. 1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದ ನಾಲ್ವರು ಲೇಖಕರಲ್ಲಿ ಅವರೂ ಒಬ್ಬರು, ಎಕ್ಲಿಪ್ಸ್ ಎಡಿಟರ್‌ನ ಜಾವಾ ವಿಭಾಗವನ್ನು ಕಟ್ಟಿದವರು. ಎಕ್ಲಿಪ್ಸ್‌ನಲ್ಲೂ ಪ್ಲಗ್-ಇನ್ ಏನೇನು ಕೊಡುತ್ತದೆ ಎಂಬುದನ್ನು ಒಂದು ಫೈಲಿನಲ್ಲಿ ಮೊದಲೇ ಘೋಷಿಸಬೇಕಿತ್ತು. ಆ ಘೋಷಣೆ ಓದಿ ಎಡಿಟರ್ ಮೆನುಗಳನ್ನು ತೋರಿಸುತ್ತಿತ್ತು, ಕೋಡ್ ಮಾತ್ರ ಅಗತ್ಯ ಬಿದ್ದಾಗ ಲೋಡ್ ಆಗುತ್ತಿತ್ತು. ಈ ಯೋಚನೆಯ ಗುರುತು ವಿಎಸ್ ಕೋಡ್‌ನಲ್ಲೂ ಸ್ಪಷ್ಟವಾಗಿ ಕಾಣುತ್ತದೆ.

ಅದೇ ಕಾಲದಲ್ಲಿ ಗಿಟ್‌ಹಬ್‌ನ ಆಟಮ್ ಎಡಿಟರ್ ಬೇರೆ ದಾರಿ ಹಿಡಿದಿತ್ತು. ಆಟಮ್‌ನ ಪ್ಯಾಕೇಜುಗಳು ಎಡಿಟರ್ ಕಿಟಕಿಯ ಒಳಗೇ ಓಡುತ್ತಿದ್ದವು, ಪರದೆಯ ಯಾವ ಭಾಗವನ್ನು ಬೇಕಾದರೂ ತಿದ್ದಬಹುದಿತ್ತು. ಸ್ವಾತಂತ್ರ್ಯ ದೊಡ್ಡದು. ಆದರೆ ಒಂದು ಪ್ಯಾಕೇಜ್ ಭಾರವಾದ ಲೆಕ್ಕದಲ್ಲಿ ಮುಳುಗಿದರೆ ಟೈಪ್ ಮಾಡಿದ ಅಕ್ಷರ ಪರದೆಗೆ ಬರುವುದೂ ತಡವಾಗುತ್ತಿತ್ತು. 2022ರ ಡಿಸೆಂಬರ್ 15ರಂದು ಆಟಮ್ ಯೋಜನೆಗೆ ತೆರೆಬಿತ್ತು. ಎರಡೂ ಎಡಿಟರ್‌ಗಳ ತಳಪಾಯ ಎಲೆಕ್ಟ್ರಾನ್ ಎಂಬ ಒಂದೇ ಚೌಕಟ್ಟು ಎಂಬುದನ್ನು ನೆನಪಿಡಬೇಕು.

ಘೋಷಣೆ ಒಂದು ಕಡೆ, ಕೋಡ್ ಇನ್ನೊಂದು ಕಡೆ

ವಿಎಸ್ ಕೋಡ್ ಎಕ್ಸ್‌ಟೆನ್ಷನ್‌ನಲ್ಲಿ ಮೊದಲು ತೆರೆಯಬೇಕಾದ ಫೈಲ್ ಪ್ಯಾಕೇಜ್ ಡಾಟ್ ಜೇಸನ್. ಎಕ್ಸ್‌ಟೆನ್ಷನ್‌ನ ಹೆಸರು, ಪ್ರಕಾಶಕರ ಹೆಸರು, ಆವೃತ್ತಿ, ವಿಎಸ್ ಕೋಡ್‌ನ ಯಾವ ಆವೃತ್ತಿಯಿಂದ ಮೇಲಕ್ಕೆ ಇದು ನಡೆಯುತ್ತದೆ ಎಂಬ ಷರತ್ತು, ಎಲ್ಲವೂ ಇಲ್ಲಿರುತ್ತವೆ. ಅದರೊಳಗಿನ 'ಕಾಂಟ್ರಿಬ್ಯೂಟ್ಸ್' ಎಂಬ ಭಾಗದಲ್ಲಿ ಕಮಾಂಡ್, ಮೆನು, ಕೀಬೋರ್ಡ್ ಶಾರ್ಟ್‌ಕಟ್, ಸೆಟ್ಟಿಂಗ್, ಬದಿಪಟ್ಟಿಯ ವ್ಯೂ ಮುಂತಾದವುಗಳನ್ನು ಘೋಷಿಸುತ್ತಾರೆ. ಬಣ್ಣದ ಥೀಮ್ ಅಥವಾ ಸ್ನಿಪೆಟ್ ಮಾತ್ರ ಕೊಡುವ ಎಕ್ಸ್‌ಟೆನ್ಷನ್‌ಗೆ ಒಂದು ಸಾಲು ಕೋಡ್ ಕೂಡ ಬೇಕಿಲ್ಲ.

ಕೋಡ್ ಇರುವ ಎಕ್ಸ್‌ಟೆನ್ಷನ್‌ಗೆ ಪ್ರವೇಶದ್ವಾರ 'ಆಕ್ಟಿವೇಟ್' ಎಂಬ ಫಂಕ್ಷನ್. ಎಡಿಟರ್ ಇದನ್ನು ಶುರುವಿನಲ್ಲೇ ಕರೆಯುವುದಿಲ್ಲ. ನಿರ್ದಿಷ್ಟ ಭಾಷೆಯ ಫೈಲ್ ತೆರೆದಾಗ, ಕಮಾಂಡ್ ಒಂದನ್ನು ಒತ್ತಿದಾಗ, ಪ್ರಾಜೆಕ್ಟ್‌ನಲ್ಲಿ ಇಂಥ ಫೈಲ್ ಸಿಕ್ಕಾಗ ಎಂಬಂಥ ಘಟನೆಗಳನ್ನು ಎಕ್ಸ್‌ಟೆನ್ಷನ್ ಹೆಸರಿಸಿರುತ್ತದೆ. ಅವುಗಳಲ್ಲಿ ಯಾವುದಾದರೂ ನಡೆದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ನಕ್ಷತ್ರ ಚಿಹ್ನೆ ಹಾಕಿದರೆ ಎಡಿಟರ್ ತೆರೆದ ಕೂಡಲೇ ಎದ್ದು ಕೂರುತ್ತದೆ. ಇದು ಸೋಮಾರಿತನದ ದಾರಿ, ಎಲ್ಲರ ಎಡಿಟರ್ ತೆರೆದುಕೊಳ್ಳುವುದನ್ನೂ ನಿಧಾನ ಮಾಡುತ್ತದೆ. 2022ರ ನವೆಂಬರ್‌ನ 1.74 ಆವೃತ್ತಿಯಿಂದ, ಘೋಷಿಸಿದ ಕಮಾಂಡ್‌ಗಳಿಗೆ ಪ್ರತ್ಯೇಕವಾಗಿ ಘಟನೆ ಬರೆಯಬೇಕಾಗಿಲ್ಲ. ಹಳೆಯ ಎಕ್ಸ್‌ಟೆನ್ಷನ್‌ಗಳಲ್ಲಿ ಉದ್ದದ ಪಟ್ಟಿ ಇದ್ದು ಹೊಸದರಲ್ಲಿ ಖಾಲಿ ಇದ್ದರೆ ಗಾಬರಿಯಾಗಬೇಕಿಲ್ಲ.

ಇಲ್ಲಿ ಆಗುವ ಸಾಮಾನ್ಯ ತಪ್ಪೊಂದಿದೆ. ಕಮಾಂಡ್‌ನ ಗುರುತಿನ ಹೆಸರು ಪ್ಯಾಕೇಜ್ ಫೈಲಿನಲ್ಲಿ ಒಂದು ಥರ, ಕೋಡ್‌ನಲ್ಲಿ ಇನ್ನೊಂದು ಥರ ಇರುತ್ತದೆ. ಮೆನುವಿನಲ್ಲಿ ಹೆಸರು ಚೆನ್ನಾಗಿಯೇ ಕಾಣುತ್ತದೆ, ಒತ್ತಿದರೆ 'ಕಮಾಂಡ್ ಸಿಗಲಿಲ್ಲ' ಎಂಬ ಸಂದೇಶ. ಎರಡೂ ಕಡೆಯನ್ನು ಬೆಸೆಯುವುದು ಆ ಒಂದು ಪದವೇ ಎಂದು ತಿಳಿದವರು ಐದು ನಿಮಿಷದಲ್ಲಿ ಸರಿಪಡಿಸುತ್ತಾರೆ. ತಿಳಿಯದವರ ಅರ್ಧ ದಿನ ಹೋಗುತ್ತದೆ.

ಗೋಡೆಯ ಆಚೆ ನಡೆಯುವ ಕೆಲಸ

ವಿಎಸ್ ಕೋಡ್ ವಿನ್ಯಾಸದ ಮುಖ್ಯ ನಿರ್ಧಾರ ಇದು: ಎಕ್ಸ್‌ಟೆನ್ಷನ್‌ನ ಕೋಡ್ ಎಡಿಟರ್ ಕಿಟಕಿಯೊಳಗೆ ಓಡುವುದಿಲ್ಲ. 'ಎಕ್ಸ್‌ಟೆನ್ಷನ್ ಹೋಸ್ಟ್' ಎಂಬ ಬೇರೆಯೇ ಪ್ರೊಸೆಸ್‌ನಲ್ಲಿ ಓಡುತ್ತದೆ. ಕಿಟಕಿಗೂ ಅದಕ್ಕೂ ನಡುವೆ ಸಂದೇಶಗಳ ವಿನಿಮಯವಷ್ಟೇ. ಎಕ್ಸ್‌ಟೆನ್ಷನ್ ಒಂದು ಫಂಕ್ಷನ್ ಕರೆದರೆ, ಹೋಸ್ಟ್‌ನಲ್ಲಿರುವ ಒಂದು ಪ್ರತಿನಿಧಿ ಅದನ್ನು ಸಂದೇಶವಾಗಿಸಿ ಆಚೆ ಕಳಿಸುತ್ತದೆ. ಆಚೆ ಇರುವ ಜೋಡಿ ಪ್ರತಿನಿಧಿ ನಿಜವಾದ ಕೆಲಸ ಮಾಡಿ ಉತ್ತರ ಕಳಿಸುತ್ತದೆ. ವಿಎಸ್ ಕೋಡ್‌ನ ಅನೇಕ ಫಂಕ್ಷನ್‌ಗಳು ಉತ್ತರವನ್ನು ತಕ್ಷಣ ಕೊಡದೆ ಕಾಯಿಸುವುದು ಇದೇ ಕಾರಣಕ್ಕೆ. ಪರದೆಯ ಅಂಶಗಳನ್ನು ಎಕ್ಸ್‌ಟೆನ್ಷನ್ ನೇರವಾಗಿ ಮುಟ್ಟುವಂತಿಲ್ಲ. ತನ್ನದೇ ಪುಟ ತೋರಿಸಬೇಕೆಂದರೆ 'ವೆಬ್‌ವ್ಯೂ' ಎಂಬ ಪ್ರತ್ಯೇಕ ಚೌಕಟ್ಟು ಇದೆ. ಅದೂ ಸಂದೇಶದ ಮೂಲಕವೇ ಮಾತಾಡಬೇಕು.

ಈ ಗೋಡೆಯ ಲಾಭ ನಷ್ಟ ಎರಡನ್ನೂ ತೋರಿಸುವ ಒಂದು ಪ್ರಕರಣವಿದೆ. ಜೋಡಿ ಆವರಣ ಚಿಹ್ನೆಗಳಿಗೆ ಬೇರೆ ಬೇರೆ ಬಣ್ಣ ಕೊಡುವ 'ಬ್ರಾಕೆಟ್ ಪೇರ್ ಕಲರೈಸರ್' ಎಂಬ ಎಕ್ಸ್‌ಟೆನ್ಷನ್ ಬಹಳ ಜನಪ್ರಿಯವಾಗಿತ್ತು. ಟೈಪ್‌ಸ್ಕ್ರಿಪ್ಟ್ ಕಂಪೈಲರ್‌ನ ನಲವತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಒಂದು ಫೈಲಿನ ಮೇಲೆ ವಿಎಸ್ ಕೋಡ್ ತಂಡ ಅದನ್ನು ಪರೀಕ್ಷಿಸಿ ನೋಡಿತು. ಎಲ್ಲ ಚಿಹ್ನೆಗಳಿಗೆ ಬಣ್ಣ ಬರಲು ಹತ್ತು ಸೆಕೆಂಡಿಗೂ ಹೆಚ್ಚು ಹಿಡಿಯಿತು. ಆ ಹೊತ್ತಿನಲ್ಲಿ ಫೈಲ್ ಸೇವ್ ಮಾಡಲು, ಟೈಪ್ ಮಾಡಲು ತೊಂದರೆಯಾಗಲಿಲ್ಲ. ಕಿಟಕಿ ಬೇರೆ ಪ್ರೊಸೆಸ್ ಆದ್ದರಿಂದ ಅದು ಸುರಕ್ಷಿತ. ಆದರೆ ಎಕ್ಸ್‌ಟೆನ್ಷನ್ ಹೋಸ್ಟ್ ಪೂರ್ತಿ ಕಟ್ಟಿಹೋಯಿತು. ಸಾಮಾನ್ಯವಾಗಿ ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಒಂದೇ ಹೋಸ್ಟ್ ಇರುವುದರಿಂದ ಉಳಿದವರ ಕೋಡ್ ಸಲಹೆ, ದೋಷ ಪತ್ತೆಗಳೂ ನಿಂತವು.

ಎಕ್ಸ್‌ಟೆನ್ಷನ್ ಬರೆದವರನ್ನು ಇದಕ್ಕೆ ದೂರುವಂತಿಲ್ಲ. ಎಡಿಟರ್ ತನ್ನೊಳಗೆ ಕೋಡ್ ಅನ್ನು ತುಂಡು ಮಾಡಿ ಯಾವುದು ಸ್ಟ್ರಿಂಗ್, ಯಾವುದು ಕಾಮೆಂಟ್ ಎಂದು ಗುರುತಿಸಿಟ್ಟಿರುತ್ತದೆ. ಗೋಡೆಯ ಆಚೆ ಇರುವ ಎಕ್ಸ್‌ಟೆನ್ಷನ್‌ಗೆ ಆ ಮಾಹಿತಿ ಸಿಗುವುದಿಲ್ಲ. ಹಾಗಾಗಿ ಅದೇ ಕೆಲಸವನ್ನು ತಾನೇ ಮತ್ತೆ ಮಾಡಬೇಕಿತ್ತು. ಕೊನೆಗೆ 2021ರ ಆಗಸ್ಟ್‌ನ 1.60 ಆವೃತ್ತಿಯಲ್ಲಿ ವಿಎಸ್ ಕೋಡ್ ಈ ಸೌಲಭ್ಯವನ್ನು ತನ್ನೊಳಗೇ, ಬೇರೆ ದತ್ತಾಂಶ ರಚನೆ ಬಳಸಿ, ಕಟ್ಟಿಕೊಂಡಿತು. ಹೊಸ ಎಕ್ಸ್‌ಟೆನ್ಷನ್ ಕೈಗೆತ್ತಿಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನನಗೆ ಬೇಕಾದ ಮಾಹಿತಿ ಗೋಡೆಯ ಈಚೆಗೆ ಬರುತ್ತದೆಯೇ?

ಭಾಷೆಯ ಬುದ್ಧಿ ಇನ್ನೂ ಒಂದು ಹೆಜ್ಜೆ ದೂರ

ಕೋಡ್ ಸಲಹೆ, ವ್ಯಾಖ್ಯಾನಕ್ಕೆ ಜಿಗಿಯುವುದು, ತಪ್ಪಿನ ಕೆಳಗೆ ಕೆಂಪು ಗೆರೆ ಇವೆಲ್ಲ ಭಾರವಾದ ಕೆಲಸಗಳು. ಇವನ್ನು ಎಕ್ಸ್‌ಟೆನ್ಷನ್ ಹೋಸ್ಟ್‌ನಿಂದಲೂ ಹೊರಗಿಟ್ಟು 'ಲ್ಯಾಂಗ್ವೇಜ್ ಸರ್ವರ್' ಎಂಬ ಮೂರನೆಯ ಪ್ರೊಸೆಸ್‌ಗೆ ಒಪ್ಪಿಸುವುದು ಈಗಿನ ರೂಢಿ. ಎಡಿಟರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿಯನ್ನು ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು 2016ರ ಜೂನ್‌ನಲ್ಲಿ ಒಟ್ಟಾಗಿ ಪ್ರಕಟಿಸಿದವು. ಅದೇ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಚಿಕ್ಕದಾಗಿ ಎಲ್‌ಎಸ್‌ಪಿ. ಹತ್ತು ಭಾಷೆ, ಐದು ಎಡಿಟರ್ ಇದ್ದರೆ ಮೊದಲು ಐವತ್ತು ಜೋಡಣೆ ಬರೆಯಬೇಕಿತ್ತು. ಈಗ ಹತ್ತು ಸರ್ವರ್, ಐದು ಕ್ಲೈಂಟ್ ಸಾಕು. ಇದರಿಂದ ವಿಮ್, ಇಮ್ಯಾಕ್ಸ್ ಬಳಸುವವರಿಗೂ ಅದೇ ಸರ್ವರ್ ಸಿಗುತ್ತದೆ.

ಈ ಪ್ರೋಟೋಕಾಲ್‌ನ ಒಂದು ಮೂಲೆಯಲ್ಲಿ ಕನ್ನಡಕ್ಕೆ ನೇರವಾಗಿ ತಾಗುವ ವಿಷಯವಿದೆ. ಸಾಲಿನಲ್ಲಿ ಎಷ್ಟನೆಯ ಸ್ಥಾನ ಎಂಬುದನ್ನು ಎಲ್‌ಎಸ್‌ಪಿ ಎಣಿಸುವುದು ಯುಟಿಎಫ್-16 ಘಟಕಗಳಲ್ಲಿ. ರಸ್ಟ್, ಗೋ ಮುಂತಾದ ಭಾಷೆಗಳಲ್ಲಿ ಬರೆದ ಸರ್ವರ್‌ಗಳು ಪಠ್ಯವನ್ನು ಇಟ್ಟುಕೊಳ್ಳುವುದು ಯುಟಿಎಫ್-8 ಬೈಟ್‌ಗಳಲ್ಲಿ. ಇಂಗ್ಲಿಷ್ ಅಕ್ಷರಗಳಿಗೆ ಎರಡೂ ಒಂದೇ ಲೆಕ್ಕ, ಆದ್ದರಿಂದ ತಪ್ಪಿದ್ದರೂ ಗೊತ್ತಾಗುವುದಿಲ್ಲ. 'ಕನ್ನಡ' ಎಂಬ ಪದವನ್ನು ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಒತ್ತಕ್ಷರದ ಒಳಗಿನ ಹಲಂತ ಚಿಹ್ನೆಯೂ ಸೇರಿ ಯುಟಿಎಫ್-16ರಲ್ಲಿ 5 ಘಟಕ. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರರಂತೆ 15 ಬೈಟ್. ಸರ್ವರ್ ಬೈಟ್ ಸಂಖ್ಯೆಯನ್ನೇ ಕಳಿಸಿಬಿಟ್ಟರೆ, ಆ ಪದದ ನಂತರ ಅದೇ ಸಾಲಿನಲ್ಲಿ ಬರುವ ಪ್ರತಿ ಕೆಂಪು ಗೆರೆಯೂ ಹತ್ತು ಸ್ಥಾನ ಬಲಕ್ಕೆ ಜಾರುತ್ತದೆ. ಕೋಡ್‌ನಲ್ಲಿ ಕನ್ನಡ ಸ್ಟ್ರಿಂಗ್ ಬರೆದಾಗ ಮಾತ್ರ ಎಡಿಟರ್ ವಿಚಿತ್ರವಾಗಿ ವರ್ತಿಸಿದರೆ ಶಂಕಿಸಬೇಕಾದದ್ದು ಇದನ್ನೇ. 2022ರ 3.17 ಆವೃತ್ತಿಯಿಂದ ಎಡಿಟರ್ ಮತ್ತು ಸರ್ವರ್ ಮೊದಲೇ ಮಾತಾಡಿಕೊಂಡು ಯುಟಿಎಫ್-8 ಬಳಸುವ ಅವಕಾಶವಿದೆ. ಯುಟಿಎಫ್-16 ಮಾತ್ರ ಎಲ್ಲರಿಗೂ ಕಡ್ಡಾಯವಾಗಿಯೇ ಉಳಿದಿದೆ.

ಯಾವ ಯಂತ್ರದಲ್ಲಿ?

2019ರಿಂದ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಕಿಟಕಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಕೋಡ್ ದೂರದ ಸರ್ವರ್‌ನಲ್ಲಿ ಇದ್ದಾಗ ಎಕ್ಸ್‌ಟೆನ್ಷನ್ ಎಲ್ಲಿ ಓಡಬೇಕು? ಥೀಮ್‌ನಂಥವು ಲ್ಯಾಪ್‌ಟಾಪ್ ಕಡೆ ಇರುತ್ತವೆ. ಫೈಲ್ ಓದುವಂಥವು ದೂರದ ಯಂತ್ರದ ಹೋಸ್ಟ್‌ನಲ್ಲಿ ಓಡುತ್ತವೆ. ಇದನ್ನು ಪ್ಯಾಕೇಜ್ ಫೈಲಿನಲ್ಲಿ ಸೂಚಿಸಬಹುದು. 2021ರ ಅಕ್ಟೋಬರ್‌ನಲ್ಲಿ ಬಂದ ಬ್ರೌಸರ್ ಆವೃತ್ತಿಯಲ್ಲಿ ಹೋಸ್ಟ್ ಎನ್ನುವುದು ಬ್ರೌಸರ್‌ನ ಒಳಗಿನ ವೆಬ್ ವರ್ಕರ್ ಮಾತ್ರ. ಅಲ್ಲಿ ಡಿಸ್ಕ್ ಇಲ್ಲ, ಬೇರೆ ಪ್ರೋಗ್ರಾಂ ಶುರು ಮಾಡುವಂತಿಲ್ಲ. 'ನನ್ನ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದಲ್ಲ' ಎಂಬ ಹಳೆಯ ಉತ್ತರ ಇಲ್ಲಿ ನಡೆಯುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ತಪ್ಪು ಕಲ್ಪನೆ ಹೆಚ್ಚು. ಬೇರೆ ಪ್ರೊಸೆಸ್ ಎಂದ ಮಾತ್ರಕ್ಕೆ ಅದು ಬೀಗ ಹಾಕಿದ ಕೋಣೆಯಲ್ಲ. ಡೆಸ್ಕ್‌ಟಾಪ್‌ನಲ್ಲಿ ಎಕ್ಸ್‌ಟೆನ್ಷನ್‌ಗೆ ವಿಎಸ್ ಕೋಡ್‌ಗೆ ಇರುವಷ್ಟೇ ಅಧಿಕಾರವಿದೆ: ನಿಮ್ಮ ಫೈಲ್‌ಗಳನ್ನು ಓದಬಹುದು, ಇಂಟರ್ನೆಟ್‌ಗೆ ಕಳಿಸಬಹುದು, ಬೇರೆ ಪ್ರೋಗ್ರಾಂ ನಡೆಸಬಹುದು. ಮೊಬೈಲ್ ಆ್ಯಪ್‌ನಂತೆ ಒಂದೊಂದಕ್ಕೂ ಅನುಮತಿ ಕೇಳುವ ವ್ಯವಸ್ಥೆ ಇಲ್ಲ. 2021ರ ಮೇ ತಿಂಗಳ 1.57 ಆವೃತ್ತಿಯಲ್ಲಿ ಬಂದ 'ವರ್ಕ್‌ಸ್ಪೇಸ್ ಟ್ರಸ್ಟ್' ಅಪರಿಚಿತ ಫೋಲ್ಡರ್ ತೆರೆದಾಗ ಕಾಪಾಡುತ್ತದೆಯೇ ಹೊರತು ನೀವೇ ಹಾಕಿಕೊಂಡ ಕೆಟ್ಟ ಎಕ್ಸ್‌ಟೆನ್ಷನ್‌ನಿಂದಲ್ಲ. ಆದ್ದರಿಂದ ಎಕ್ಸ್‌ಟೆನ್ಷನ್ ಏನನ್ನು ಓದುತ್ತದೆ, ಎಲ್ಲಿಗೆ ಕಳಿಸುತ್ತದೆ, ಟೋಕನ್‌ಗಳನ್ನು ಎಲ್ಲಿಡುತ್ತದೆ ಎಂಬ ವಿವರ ಒಳರಚನೆಯ ದಾಖಲೆಯಲ್ಲಿ ಇರಲೇಬೇಕು. ಟೋಕನ್ ಸೆಟ್ಟಿಂಗ್ಸ್ ಫೈಲಿನಲ್ಲಿದ್ದರೆ ಅದು ತಪ್ಪು ಜಾಗ. ಅದಕ್ಕೆಂದೇ 'ಸೀಕ್ರೆಟ್ ಸ್ಟೋರೇಜ್' ಇದೆ.

ದಾಖಲೆ ಬರೆಯುವುದು ಹೇಗೆ?

ಇಲ್ಲಿ ಒಳ್ಳೆಯ ಮಾದರಿ ರಸ್ಟ್ ಭಾಷೆಯ ಲ್ಯಾಂಗ್ವೇಜ್ ಸರ್ವರ್ ಆದ 'ರಸ್ಟ್ ಅನಲೈಸರ್'. ಆ ಯೋಜನೆಯನ್ನು ಕಟ್ಟಿದ ಅಲೆಕ್ಸ್ ಕ್ಲಾಡೋವ್ 2021ರ ಫೆಬ್ರವರಿಯಲ್ಲಿ ಒಂದು ಸಲಹೆ ಮುಂದಿಟ್ಟರು: ಪ್ರತಿ ಯೋಜನೆಯಲ್ಲೂ ರೀಡ್‌ಮಿ ಪಕ್ಕದಲ್ಲಿ 'ಆರ್ಕಿಟೆಕ್ಚರ್' ಹೆಸರಿನ ಒಂದು ಚಿಕ್ಕ ಫೈಲ್ ಇರಲಿ. ಅವರ ವಾದ ಸರಳ. ಹೊಸಬರಿಗೆ ಬದಲಾವಣೆ ಬರೆಯಲು ಹಳಬರ ಎರಡರಷ್ಟು ಸಮಯ ಹಿಡಿಯಬಹುದು, ಆದರೆ ಎಲ್ಲಿ ಬದಲಿಸಬೇಕೆಂದು ಹುಡುಕಲು ಹತ್ತರಷ್ಟು ಹಿಡಿಯುತ್ತದೆ.

ರಸ್ಟ್ ಅನಲೈಸರ್‌ನ ದಾಖಲೆ ಮೊದಲು ಮೇಲಿನಿಂದ ಕಂಡ ನೋಟ ಕೊಡುತ್ತದೆ: ಒಳಗೆ ಬರುವುದು ಮೂಲಕೋಡ್, ಹೊರಗೆ ಹೋಗುವುದು ಅದರ ಅರ್ಥದ ರಚನೆ. ನಂತರ ಓದಲು ಎಲ್ಲಿಂದ ಶುರುಮಾಡಬೇಕು ಎಂಬ ಸೂಚನೆ. ಆಮೇಲೆ ಒಂದೊಂದು ಭಾಗಕ್ಕೂ ಒಂದೆರಡು ಪ್ಯಾರಾ. ಕೊನೆಗೆ ಪರೀಕ್ಷೆ, ದೋಷ ನಿರ್ವಹಣೆ, ಅರ್ಧದಲ್ಲಿ ರದ್ದಾಗುವ ಕೆಲಸಗಳಂಥ ಎಲ್ಲ ಭಾಗಕ್ಕೂ ಅನ್ವಯಿಸುವ ಸಂಗತಿಗಳು.

ನನಗೆ ಅದರಲ್ಲಿ ಹೆಚ್ಚು ಉಪಯುಕ್ತ ಎನಿಸುವುದು 'ಇನ್‌ವೇರಿಯಂಟ್' ಎಂದು ಪ್ರತ್ಯೇಕವಾಗಿ ಗುರುತಿಸಿದ ಸಾಲುಗಳು, ಅಂದರೆ ಮುರಿಯಬಾರದ ನಿಯಮಗಳು. ಎಲ್‌ಎಸ್‌ಪಿ ಬಗ್ಗೆ ಗೊತ್ತಿರುವುದು ಅತ್ಯಂತ ಹೊರಗಿನ ಒಂದು ಭಾಗಕ್ಕೆ ಮಾತ್ರ. ಒಳಗಿನ ವ್ಯಾಕರಣದ ಭಾಗಕ್ಕೆ ಎಡಿಟರ್ ಎಂಬುದೊಂದಿದೆ ಎಂದೇ ತಿಳಿದಿರಬಾರದು. ಮೇಲೆ ಹೇಳಿದ ಯುಟಿಎಫ್ ಪರಿವರ್ತನೆಯೂ ಆ ಹೊರಗಿನ ಭಾಗದಲ್ಲೇ ನಡೆಯುತ್ತದೆ, ಒಳಗೆಲ್ಲ ಬೈಟ್ ಲೆಕ್ಕವೇ. ಇಂಥ ನಿಯಮಗಳನ್ನು ಕೋಡ್ ಓದಿ ಕಂಡುಹಿಡಿಯುವುದು ಕಷ್ಟ. ಇರುವುದನ್ನು ಕೋಡ್ ತೋರಿಸುತ್ತದೆ, ಬೇಕೆಂದೇ ಬಿಟ್ಟಿರುವುದನ್ನು ತೋರಿಸುವುದಿಲ್ಲ. 'ಈ ಫೋಲ್ಡರ್‌ನ ಯಾವ ಫೈಲೂ ವಿಎಸ್ ಕೋಡ್ ಮಾಡ್ಯೂಲನ್ನು ಇಂಪೋರ್ಟ್ ಮಾಡಬಾರದು' ಎಂದು ಯಾರೂ ಬರೆದಿಡದಿದ್ದರೆ, ಮುಂದಿನವರು ಅವಸರದಲ್ಲಿ ಒಂದು ಇಂಪೋರ್ಟ್ ಸೇರಿಸುತ್ತಾರೆ. ಅಲ್ಲಿಗೆ ಎಡಿಟರ್ ತೆರೆಯದೆಯೇ ಓಡುತ್ತಿದ್ದ ಪರೀಕ್ಷೆಗಳು ಕೆಡುತ್ತವೆ.

ಆರಂಭದಲ್ಲಿ ಹೇಳಿದ ಕಚೇರಿಯ ಎಕ್ಸ್‌ಟೆನ್ಷನ್‌ಗೆ ಬರೆದರೆ ಅದು ಹೀಗಿರಬಹುದು. ಎಸ್‌ಕ್ಯೂಎಲ್ ಫೈಲ್‌ಗಳಲ್ಲಿ ಟೇಬಲ್ ಹೆಸರುಗಳನ್ನು ಪರಿಶೀಲಿಸುವ ಎಕ್ಸ್‌ಟೆನ್ಷನ್ ಅದು ಎಂದುಕೊಳ್ಳೋಣ:

"ಇದು ಎಸ್‌ಕ್ಯೂಎಲ್ ಫೈಲ್ ತೆರೆದಾಗ ಎಚ್ಚರಗೊಳ್ಳುತ್ತದೆ. ಓದಲು ಎಕ್ಸ್‌ಟೆನ್ಷನ್ ಫೈಲಿನ ಆಕ್ಟಿವೇಟ್ ಫಂಕ್ಷನ್‌ನಿಂದ ಶುರುಮಾಡಿ. ನಿಯಮಗಳೆಲ್ಲ ರೂಲ್ಸ್ ಫೋಲ್ಡರ್‌ನಲ್ಲಿವೆ, ಅವು ಪಠ್ಯ ತೆಗೆದುಕೊಂಡು ದೋಷಗಳ ಪಟ್ಟಿ ಕೊಡುತ್ತವೆ ಅಷ್ಟೇ. ರೂಲ್ಸ್ ಫೋಲ್ಡರ್ ವಿಎಸ್ ಕೋಡ್ ಮಾಡ್ಯೂಲನ್ನು ಬಳಸಬಾರದು. ದೋಷಗಳನ್ನು ಪರದೆಗೆ ಕಳಿಸುವುದು ರಿಪೋರ್ಟರ್ ಫೈಲ್ ಮಾತ್ರ. ಡೇಟಾಬೇಸ್‌ಗೆ ಸಂಪರ್ಕ ಇಲ್ಲ, ಟೇಬಲ್ ಪಟ್ಟಿ ರೆಪೊದಲ್ಲಿರುವ ಸ್ಕೀಮಾ ಫೈಲಿನಿಂದ ಬರುತ್ತದೆ. ಲ್ಯಾಂಗ್ವೇಜ್ ಸರ್ವರ್ ಬಳಸಿಲ್ಲ. ನಮ್ಮ ಫೈಲ್‌ಗಳು ಚಿಕ್ಕವು, ಹೋಸ್ಟ್‌ನಲ್ಲೇ ಮುಗಿಯುತ್ತದೆ. ಸಾವಿರಾರು ಸಾಲಿನ ಫೈಲ್‌ಗಳು ಬಂದರೆ ಇದನ್ನು ಮರುಚಿಂತಿಸಬೇಕು. ಬ್ರೌಸರ್ ಆವೃತ್ತಿಯಲ್ಲಿ ನಡೆಯುವುದಿಲ್ಲ."

ಇಷ್ಟೇ. ಬರೆಯಲು ಅರ್ಧ ಗಂಟೆ ಸಾಕು. ಇದರಲ್ಲಿ ಕೊನೆಯ ಮೂರು ವಾಕ್ಯಗಳನ್ನು ಬಿಡುವವರೇ ಹೆಚ್ಚು. ಆದರೆ ಯಾಕೆ ಹೀಗೆ ಮಾಡಲಿಲ್ಲ ಎಂಬ ಉತ್ತರ ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ, ಅವರು ಹೋದ ಮೇಲೆ ಎಲ್ಲೂ ಸಿಗುವುದಿಲ್ಲ.

ಏನನ್ನು ಬರೆಯಬಾರದು ಎಂಬುದೂ ಮುಖ್ಯ. ಪ್ರತಿ ಫಂಕ್ಷನ್‌ನ ವಿವರ ಇಲ್ಲಿ ಬೇಡ, ಅದು ಕೋಡ್ ಒಳಗಿನ ಕಾಮೆಂಟ್‌ಗೆ ಸೇರಿದ್ದು. ಫೈಲ್‌ಗಳಿಗೆ ನೇರ ಲಿಂಕ್ ಕೊಡುವ ಬದಲು ಹೆಸರು ಹೇಳಿದರೆ ಸಾಕು ಎನ್ನುತ್ತಾರೆ ಕ್ಲಾಡೋವ್. ಲಿಂಕ್ ಮುರಿದುಹೋಗುತ್ತದೆ, ಹೆಸರಿದ್ದರೆ ಹುಡುಕಿಕೊಳ್ಳಬಹುದು. ಪ್ರತಿ ಬದಲಾವಣೆಗೂ ದಾಖಲೆ ತಿದ್ದಲು ಹೊರಟರೆ ಮೂರನೇ ವಾರಕ್ಕೆ ಬೇಸರ ಬರುತ್ತದೆ. ಬೇಗ ಬದಲಾಗದ ಸಂಗತಿಗಳನ್ನಷ್ಟೇ ಬರೆದು ವರ್ಷಕ್ಕೆ ಒಂದೆರಡು ಬಾರಿ ಓದಿ ನೋಡಬೇಕು. ಬಾಣಗಳಿಂದ ತುಂಬಿದ ದೊಡ್ಡ ಚಿತ್ರಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಚಿತ್ರ ಬರೆದ ಮೂಲ ಫೈಲ್ ಕಳೆದುಹೋದರೆ ತಿದ್ದಲೂ ಆಗುವುದಿಲ್ಲ. ಕಿಟಕಿ, ಹೋಸ್ಟ್, ಸರ್ವರ್ ಎಂಬ ಮೂರು ಚೌಕ, ನಡುವೆ ಎರಡು ಗೆರೆ ಇದ್ದರೆ ಹೆಚ್ಚಿನ ಎಕ್ಸ್‌ಟೆನ್ಷನ್‌ಗಳಿಗೆ ಸಾಕು.

ಬರೆದದ್ದು ನಿಜವೇ ಎಂದು ಎಡಿಟರ್‌ನಲ್ಲೇ ಪರೀಕ್ಷಿಸಬಹುದು. ಕಮಾಂಡ್ ಪ್ಯಾಲೆಟ್‌ನಲ್ಲಿ 'ಶೋ ರನ್ನಿಂಗ್ ಎಕ್ಸ್‌ಟೆನ್ಷನ್ಸ್' ಕೊಟ್ಟರೆ ಯಾವ ಎಕ್ಸ್‌ಟೆನ್ಷನ್ ಯಾವ ಘಟನೆಯಿಂದ ಎಚ್ಚರಗೊಂಡಿತು, ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಎಂಬ ಪಟ್ಟಿ ಬರುತ್ತದೆ. 'ಎಸ್‌ಕ್ಯೂಎಲ್ ಫೈಲ್ ತೆರೆದಾಗ ಮಾತ್ರ' ಎಂದು ದಾಖಲೆಯಲ್ಲಿದ್ದು, ಖಾಲಿ ಕಿಟಕಿಯಲ್ಲೂ ನಿಮ್ಮ ಎಕ್ಸ್‌ಟೆನ್ಷನ್ ಈ ಪಟ್ಟಿಯಲ್ಲಿ ಕಂಡರೆ ಎರಡರಲ್ಲಿ ಒಂದು ತಪ್ಪು.

ಕೊನೆಯದಾಗಿ ಜಾಗದ ವಿಷಯ. ಎಕ್ಸ್‌ಟೆನ್ಷನ್ ಅನ್ನು ಪ್ಯಾಕ್ ಮಾಡಿದಾಗ ರೀಡ್‌ಮಿ ಫೈಲೇ ಮಾರ್ಕೆಟ್‌ಪ್ಲೇಸ್‌ನಲ್ಲಿ ಬಳಕೆದಾರರು ನೋಡುವ ಪುಟವಾಗುತ್ತದೆ. ಆದ್ದರಿಂದ ಒಳರಚನೆಯ ವಿವರವನ್ನು ಅದರಲ್ಲಿ ತುರುಕದೆ ಪ್ರತ್ಯೇಕ ಫೈಲಿನಲ್ಲಿಡಿ. ಆ ಫೈಲಿನ ಹೆಸರನ್ನು 'ವಿಎಸ್‌ಕೋಡ್‌ಇಗ್ನೋರ್' ಪಟ್ಟಿಗೆ ಸೇರಿಸಿದರೆ ಅದು ರೆಪೊದಲ್ಲಿ ಉಳಿಯುತ್ತದೆ, ಬಳಕೆದಾರರ ಯಂತ್ರಕ್ಕೆ ಹೋಗುವುದಿಲ್ಲ.